ಸರತಿ ತಪ್ಪಿಸಿ ತೂಬು ತೆರೆದ ಕೈ ನನ್ನದೇ? ಇಚ್ಛಾ ಸ್ವಾತಂತ್ರ್ಯ ಮತ್ತು ನಿಯತಿವಾದದ ಕುರಿತು ಒಂದು ಚರ್ಚೆ

ಕಾಲುವೆದಂಡೆ (ಸಿಂಧನೂರು ತಾಲ್ಲೂಕು)

ತುಂಗಭದ್ರಾ ಎಡದಂಡೆ ಕಾಲುವೆಯ ಉಪಕಾಲುವೆಯೊಂದರ ಕೆಳಗೆ ನನಗೆ ನಾಲ್ಕು ಎಕರೆ ಭತ್ತದ ಗದ್ದೆಯಿದೆ. ನೀರು ಕಡಿಮೆಯಾದಾಗ ಇಲ್ಲಿ ವಾರಾಬಂದಿ, ಅಂದರೆ ಸರತಿಯಂತೆ ನೀರು ಹಂಚುವ ಪದ್ಧತಿ, ಜಾರಿಗೆ ಬರುತ್ತದೆ. ನನ್ನ ಸರತಿ ಮುಗಿದ ಮೇಲೆ ತೂಬನ್ನು ಮುಚ್ಚಿ, ಕೆಳಗಿನ ಗದ್ದೆಯವರಿಗೆ ನೀರು ಬಿಟ್ಟುಕೊಡಬೇಕು. ಸೋನಾ ಮಸೂರಿ ತೆನೆ ಒಡೆಯುತ್ತಿದ್ದ ಒಂದು ರಾತ್ರಿ, ಸುಮಾರು ಎರಡು ಗಂಟೆಗೆ, ನನ್ನ ಸರತಿ ಅಲ್ಲವೆಂದು ಚೆನ್ನಾಗಿ ಗೊತ್ತಿದ್ದೂ ಬ್ಯಾಟರಿ ಹಿಡಿದು ಹೋಗಿ, ತೂಬಿನ ಬಾಯಿಗೆ ತುರುಕಿದ್ದ ಮಣ್ಣಿನ ಚೀಲಕ್ಕೆ ಕೈ ಹಾಕಿದೆ. ಚೀಲ ಒಂದೇ ಎಳೆತಕ್ಕೆ ಬರಲಿಲ್ಲ. ಕೆಸರು ಅದನ್ನು ಕಚ್ಚಿ ಹಿಡಿದಿತ್ತು. ಕೈಬಿಟ್ಟು ನಿಂತೆ, ಕಪ್ಪೆಗಳು ಕೂಗುತ್ತಿದ್ದವು, ಕೆಳಗಿನ ಗದ್ದೆಯ ಕಾಕಾನ ಮುಖ ಕಣ್ಣ ಮುಂದೆ ಬಂತು. ಬಹುಶಃ ಅರ್ಧ ನಿಮಿಷ ನಿಂತಿರಬಹುದು. ಆಮೇಲೆ ಎರಡನೆಯ ಸಲ ಎಳೆದೆ, ಚೀಲ ಬಂತು.

ಬೆಳಗಾಗುವ ಹೊತ್ತಿಗೆ ಕಾಕಾನ ಗದ್ದೆಯ ಮೇಲ್ಗಡೆಯ ಮಡಿಗಳಿಗಷ್ಟೇ ನೀರು ತಲುಪಿತ್ತು. ಕೆಳಗಿನ ಮಡಿಗಳಲ್ಲಿ ಎರೆಮಣ್ಣು ಬಿರುಕು ಬಿಟ್ಟಿತ್ತು. ನಾನು ಹೋಗಿ ತಪ್ಪಾಯಿತೆಂದು ಹೇಳಬೇಕೆನ್ನುವಷ್ಟರಲ್ಲಿ ಅವರೇ, "ಬಿಡಪಾ, ನೀನೇನ್ ಮಾಡ್ತಿ, ನಮ್ಮ ಹಣೇಬರ ಹಂಗೈತಿ" ಎಂದರು.

ಬೈದಿದ್ದರೆ ಇಷ್ಟು ನೋಯುತ್ತಿರಲಿಲ್ಲ. ಬಿ.ಎ.ಯಲ್ಲಿ ತತ್ತ್ವಶಾಸ್ತ್ರವನ್ನು ಐಚ್ಛಿಕ ವಿಷಯವಾಗಿ ಓದಿದವನು ನಾನು (ಐಚ್ಛಿಕ ಎಂಬ ಪದವೇ ಈಗ ನನ್ನನ್ನು ಅಣಕಿಸುತ್ತದೆ). ಅಂದಿನಿಂದ ಎರಡು ಪ್ರಶ್ನೆಗಳು ಬಿಡದೆ ಕಾಡುತ್ತಿವೆ. ಬಿತ್ತನೆಗೆ ಮಾಡಿದ ಸಾಲ, ಬತ್ತುತ್ತಿದ್ದ ಬೆಳೆ, ನನ್ನ ಸ್ವಭಾವ, ಆ ಹೊತ್ತಿನ ನಿದ್ದೆಗೇಡು, ಇವೆಲ್ಲ ಸೇರಿ ನನ್ನ ಕೈಯನ್ನು ಎಳೆಸಿದವು ಎನ್ನುವುದಾದರೆ, ಎರಡನೆಯ ಎಳೆತವನ್ನು ನಾನು ತಡೆಯಬಹುದಿತ್ತು ಎಂಬ ಮಾತಿಗೆ ಏನಾದರೂ ಅರ್ಥವಿದೆಯೇ? ಅರ್ಥವಿಲ್ಲದಿದ್ದರೆ, ಕಾಕಾ ನನ್ನನ್ನು ಬಿಟ್ಟುಬಿಟ್ಟದ್ದು ಸರಿಯೇ ಅಲ್ಲವೇ? ಓದಿಕೊಂಡವರು ಹೇಳಬೇಕು.

ಗಂಜ್ ಕಟ್ಟೆ (ರಾಯಚೂರು)

ನಿಮ್ಮ ಕಾಕಾ ದಾರ್ಶನಿಕರಿಗಿಂತ ಚುಟುಕಾಗಿ ಹೇಳಿದ್ದಾರೆ, ಆದರೆ ಹೇಳಿದ್ದು ಅದನ್ನೇ. 1814ರಲ್ಲಿ ಫ್ರಾನ್ಸಿನ ಗಣಿತಜ್ಞ ಲಾಪ್ಲಾಸ್ ಒಂದು ಬುದ್ಧಿಶಕ್ತಿಯನ್ನು ಕಲ್ಪಿಸಿದ. ಒಂದು ಕ್ಷಣದಲ್ಲಿ ಜಗತ್ತಿನ ಎಲ್ಲ ವಸ್ತುಗಳ ಸ್ಥಾನವನ್ನೂ ಎಲ್ಲ ಬಲಗಳನ್ನೂ ಅರಿತ ಆ ಬುದ್ಧಿಗೆ ಮುಂದಿನದು ಯಾವುದೂ ಅನಿಶ್ಚಿತವಾಗಿರುವುದಿಲ್ಲ. ಅಮೆರಿಕದ ದಾರ್ಶನಿಕ ಪೀಟರ್ ವಾನ್ ಇನ್ವಾಗನ್ 1983ರಲ್ಲಿ ಇದರ ಮೊನೆಯನ್ನು ನೇರವಾಗಿ ನಮ್ಮ ಕಡೆಗೆ ತಿರುಗಿಸಿದ. ನಿಯತಿವಾದ, ಅಂದರೆ ಆಗುವುದೆಲ್ಲ ಹಿಂದಿನ ಕಾರಣಗಳಿಂದಲೇ ನಿಶ್ಚಯವಾಗಿರುತ್ತದೆ ಎಂಬ ವಾದ, ನಿಜವಾದರೆ ನಮ್ಮ ಕ್ರಿಯೆಗಳು ನಾವು ಹುಟ್ಟುವ ಮೊದಲಿನ ಸ್ಥಿತಿ ಮತ್ತು ಪ್ರಕೃತಿಯ ನಿಯಮಗಳ ಫಲ. ಆ ಸ್ಥಿತಿಯೂ ನಮ್ಮ ಕೈಯಲ್ಲಿರಲಿಲ್ಲ, ಆ ನಿಯಮಗಳೂ ನಮ್ಮ ಕೈಯಲ್ಲಿಲ್ಲ. ಹಾಗಿದ್ದ ಮೇಲೆ ಅವುಗಳ ಫಲ ಮಾತ್ರ ನಮ್ಮ ಕೈಗೆ ಎಲ್ಲಿಂದ ಬರಬೇಕು? ವಾನ್ ಇನ್ವಾಗನ್ ಸ್ವತಃ ಇಚ್ಛಾ ಸ್ವಾತಂತ್ರ್ಯವನ್ನು ಒಪ್ಪಿ ನಿಯತಿವಾದವನ್ನೇ ಬಿಟ್ಟುಕೊಟ್ಟ. ನನಗೆ ಆ ಧೈರ್ಯವಿಲ್ಲ.

ಇನ್ನು ಯಾರಾದರೂ ಕ್ವಾಂಟಂ ಸಿದ್ಧಾಂತವನ್ನು ಎಳೆದು ತರುವ ಮೊದಲೇ ಹೇಳಿಬಿಡುತ್ತೇನೆ. ಅಣುವಿನೊಳಗೆ ಆಕಸ್ಮಿಕತೆ ಇದ್ದರೆ ಇರಲಿ; ಪಗಡೆಯ ದಾಳ ಉರುಳಿದ ಹಾಗೆ ಕೈ ಚಲಿಸಿದರೆ ಆ ಕೈಗೆ ಒಡೆಯನಿಲ್ಲ ಎಂದಾಯಿತೇ ಹೊರತು ಸ್ವತಂತ್ರ ಒಡೆಯನೊಬ್ಬ ಸಿಕ್ಕ ಹಾಗಾಗಲಿಲ್ಲ.

ಎರೆಹೊಲ (ಮಸ್ಕಿ)

ಗಂಜ್ ಕಟ್ಟೆಯವರು ಎರಡು ಬೇರೆ ಬೇರೆ ಮಾತುಗಳನ್ನು ಒಂದೇ ಚೀಲಕ್ಕೆ ತುಂಬಿದ್ದಾರೆ. ನಾನು ಶಾಲೆಯಲ್ಲಿ ಇತಿಹಾಸ ಕಲಿಸುವವನು, ದಾರ್ಶನಿಕನಲ್ಲ. ಆದರೂ ಇದನ್ನು ಬಿಡಿಸಿ ಹೇಳಬೇಕೆನಿಸುತ್ತದೆ. ಹಣೆಬರಹ ಎಂದರೆ ನೀವು ಏನೇ ಮಾಡಿದರೂ, ಮಾಡದೇ ಇದ್ದರೂ, ಆಗುವುದು ಆಗಿಯೇ ತೀರುತ್ತದೆ ಎಂಬ ನಂಬಿಕೆ. ನಿಯತಿವಾದ ಹೇಳುವುದು ಅದನ್ನಲ್ಲ. ಆಗುವುದು ನೀವು ಮಾಡುವುದರ ಮೂಲಕವೇ ಆಗುತ್ತದೆ, ನೀವು ಮಾಡುವುದಕ್ಕೂ ಕಾರಣಗಳಿವೆ, ಇಷ್ಟೇ. ಕಾಲುವೆದಂಡೆಯವರು ಆ ರಾತ್ರಿ ಮನೆಯಲ್ಲೇ ಮಲಗಿದ್ದರೂ ಕಾಕಾನ ಮಡಿಗಳು ಒಣಗುತ್ತಿದ್ದವೇ? ಇಲ್ಲ. ಅಂದ ಮೇಲೆ ಹಣೆಬರಹದ ಲೆಕ್ಕ ಅಲ್ಲಿಗೇ ತಪ್ಪಿತು, ನಿಯತಿವಾದದ ಲೆಕ್ಕ ಹಾಗೆಯೇ ಉಳಿಯಿತು. ಗ್ರೀಕರ ಕಾಲದಲ್ಲಿಯೇ ಇದಕ್ಕೆ ಸೋಮಾರಿಯ ವಾದ ಎಂಬ ಹೆಸರಿತ್ತು: ಕಾಯಿಲೆ ವಾಸಿಯಾಗಬೇಕೆಂದು ಬರೆದಿದ್ದರೆ ವೈದ್ಯನನ್ನು ಕರೆದರೂ ಕರೆಯದಿದ್ದರೂ ವಾಸಿಯಾಗುತ್ತದೆ, ಹಾಗಾಗಿ ಕರೆಯುವುದೇಕೆ ಎಂದು. ಸ್ಟೋಯಿಕ್ ಪಂಥದ ಕ್ರಿಸಿಪ್ಪಸ್, ವಾಸಿಯಾಗುವುದು ನಿಶ್ಚಯವಾಗಿದ್ದರೆ ವೈದ್ಯನನ್ನು ಕರೆಯುವುದೂ ಅದರ ಜೊತೆಗೇ ನಿಶ್ಚಯವಾಗಿರುತ್ತದೆ ಎಂದು ಉತ್ತರಿಸಿದ.

ನಮ್ಮ ನೆಲದಲ್ಲಿ ಈ ಜಗಳ ಇನ್ನೂ ಹಳೆಯದು. ಬುದ್ಧನ ಸಮಕಾಲೀನನಾದ ಮಕ್ಖಲಿ ಗೋಸಾಲ, ಎಲ್ಲವೂ ನಿಯತಿಯೆಂದು ನಂಬಿದ ಆಜೀವಿಕ ಪಂಥದವರ ಗುರು. ಎಸೆದ ದಾರದ ಉಂಡೆ ತನ್ನ ಉದ್ದ ಮುಗಿಯುವವರೆಗೆ ಬಿಚ್ಚಿಕೊಳ್ಳುತ್ತಲೇ ಹೋಗುವಂತೆ, ಜಾಣನೂ ಮೂಢನೂ ತಮ್ಮ ತಮ್ಮ ಸಂಸಾರವನ್ನು ಸುತ್ತಿ ಮುಗಿಸಿದ ಮೇಲೆಯೇ ದುಃಖದಿಂದ ಪಾರಾಗುತ್ತಾರೆ, ನಡುವೆ ಪುರುಷಪ್ರಯತ್ನವೆಂಬುದೇ ಇಲ್ಲ ಎಂಬುದು ಅವನ ಮತವೆಂದು ಬೌದ್ಧರು ದಾಖಲಿಸಿದ್ದಾರೆ. ಆಜೀವಿಕರ ಸ್ವಂತ ಗ್ರಂಥಗಳು ಉಳಿದಿಲ್ಲ. ನಾವು ಕೇಳುತ್ತಿರುವುದು ಎದುರಾಳಿಗಳು ಹೇಳಿದ ಗೋಸಾಲನನ್ನು ಎಂಬ ಎಚ್ಚರ ಇರಲಿ.

ಈಗ ನಮ್ಮೂರಿನ ಬಂಡೆಗೆ ಬರೋಣ. ಮಸ್ಕಿಯ ಅಶೋಕನ ಶಾಸನವನ್ನು 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಬೀಡನ್ ಪತ್ತೆ ಮಾಡಿದ ಮೇಲೆ, ಬೇರೆ ಶಾಸನಗಳಲ್ಲಿ ಬರುವ ದೇವಾನಾಂಪ್ರಿಯ ಎಂದರೆ ಅಶೋಕನೇ ಎಂಬುದು ಖಚಿತವಾಯಿತು. ಶಾಲೆಯ ಪುಸ್ತಕದಲ್ಲಿ ನಾವು ಮಕ್ಕಳಿಗೆ ಹೇಳುವುದು ಆ ಹೆಸರಿನ ಸಂಗತಿಯನ್ನು ಮಾತ್ರ. ಶಾಸನ ಏನು ಹೇಳುತ್ತದೆ ಎಂಬುದನ್ನು ಯಾರೂ ಕೇಳುವುದಿಲ್ಲ. ಧರ್ಮದ ಗುರಿ ದೊಡ್ಡವರಿಗಷ್ಟೇ ಸಾಧ್ಯವೆಂದು ತಿಳಿಯಬಾರದು, ಧರ್ಮದಲ್ಲಿ ತೊಡಗಿದ ಸಣ್ಣವನೂ ಅದನ್ನು ಪಡೆಯಬಲ್ಲ ಎಂಬುದು ಅದರ ತಿರುಳು. ಇದೇ ಶಾಸನದ ಬೇರೆ ಪ್ರತಿಗಳಲ್ಲಿ ಇದು ಪರಾಕ್ರಮದ ಫಲ, ಅಂದರೆ ಪ್ರಯತ್ನದ ಫಲ, ಎಂಬ ಮಾತೂ ಇದೆ. ಇದನ್ನು ಕೆತ್ತಿಸಿದ ದೊರೆಯೇ ಬಿಹಾರದ ಬರಾಬರ್ ಬೆಟ್ಟದಲ್ಲಿ ಆಜೀವಿಕರಿಗೆ ಗುಹೆಗಳನ್ನು ದಾನ ಕೊಟ್ಟವನು. ಪ್ರಯತ್ನವೇ ಇಲ್ಲ ಎನ್ನುವವರಿಗೆ ಮಳೆಗಾಲ ಕಳೆಯಲು ಕಲ್ಲು ಕೊರೆಸಿ ಮನೆ ಮಾಡಿಕೊಟ್ಟು, ಪ್ರಯತ್ನವಿದೆ ಎಂದು ನಮ್ಮ ಸೀಮೆಯ ಕಲ್ಲಿನ ಮೇಲೆ ಬರೆಸಿದ. ಅವನಿಗೆ ಈ ವಾದದಲ್ಲಿ ಯಾರೂ ಗೆಲ್ಲಬೇಕಿರಲಿಲ್ಲವೋ ಏನೋ.

ಬಿಳಿಕೋಟು (ಬಳ್ಳಾರಿ)

ನಾನು ವೈದ್ಯಕೀಯ ವಿದ್ಯಾರ್ಥಿನಿ. ಇಂಥ ಚರ್ಚೆಗಳಲ್ಲಿ "ಮೆದುಳು ಮೊದಲೇ ತೀರ್ಮಾನಿಸಿಬಿಟ್ಟಿರುತ್ತದೆ, ವಿಜ್ಞಾನ ಸಾಬೀತು ಮಾಡಿದೆ" ಎಂಬ ಮಾತು ಹೇಗೂ ಬರುತ್ತದೆ. ಬರುವ ಮೊದಲೇ ಆ ಪ್ರಯೋಗ ಏನೆಂದು ಬರೆಯುತ್ತೇನೆ.

1983ರಲ್ಲಿ ಬೆಂಜಮಿನ್ ಲಿಬೆಟ್ ಮತ್ತು ಸಂಗಡಿಗರು ಪ್ರಕಟಿಸಿದ ಪ್ರಯೋಗದಲ್ಲಿ, ತಲೆಗೆ ವಿದ್ಯುತ್ ತಂತಿಗಳನ್ನು ಅಂಟಿಸಿಕೊಂಡು ಕುಳಿತವರು ಮನಸ್ಸಿಗೆ ಬಂದಾಗ ಮಣಿಕಟ್ಟನ್ನು ಮಡಚಬೇಕಿತ್ತು. ಎದುರಿಗೆ ಒಂದು ಬೆಳಕಿನ ಚುಕ್ಕೆ ಗಡಿಯಾರದ ಮುಳ್ಳಿನಂತೆ, ಆದರೆ ಸುತ್ತಿಗೆ ಸುಮಾರು ಎರಡೂವರೆ ಸೆಕೆಂಡಿನ ವೇಗದಲ್ಲಿ, ತಿರುಗುತ್ತಿತ್ತು. ಮಡಚಬೇಕು ಎಂಬ ಇಚ್ಛೆ ಹುಟ್ಟಿದಾಗ ಚುಕ್ಕೆ ಎಲ್ಲಿತ್ತು ಎಂಬುದನ್ನು ಅವರು ನೆನಪಿಟ್ಟು ಹೇಳಬೇಕು. ಇಚ್ಛೆಯ ಅರಿವು ಚಲನೆಗೆ ಸುಮಾರು 200 ಮಿಲಿಸೆಕೆಂಡು ಮೊದಲು ಬಂದರೆ, ಮೆದುಳಿನ ಸಿದ್ಧತೆಯ ವಿದ್ಯುತ್ ಏರಿಕೆ ಸುಮಾರು 550 ಮಿಲಿಸೆಕೆಂಡು ಮೊದಲೇ ಆರಂಭವಾಗಿತ್ತು. ಅರಿವಿಗಿಂತ ಮೊದಲೇ ತಯಾರಿ ಎಂಬುದು ದೊಡ್ಡ ಸುದ್ದಿಯಾಯಿತು. 2008ರಲ್ಲಿ ಜರ್ಮನಿಯ ತಂಡವೊಂದು ಮೆದುಳಿನ ಚಿತ್ರಗಳನ್ನು ನೋಡಿ, ವ್ಯಕ್ತಿ ಎಡಗೈಯ ಗುಂಡಿ ಒತ್ತುವನೋ ಬಲಗೈಯದೋ ಎಂಬುದನ್ನು ಹಲವು ಸೆಕೆಂಡು ಮುಂಚೆಯೇ ಊಹಿಸಿತು. ಆದರೆ ಆ ಊಹೆ ಸರಿಯಾದದ್ದು ನೂರಕ್ಕೆ ಸುಮಾರು 60 ಸಲ. ಕಣ್ಣು ಮುಚ್ಚಿ ಹೇಳಿದರೂ 50 ಸಲ ಸರಿಯಾಗುತ್ತದೆ.

2012ರಲ್ಲಿ ಆರನ್ ಶೂರ್ಗರ್ ಮತ್ತು ಸಂಗಡಿಗರು ಲಿಬೆಟ್ ಕಂಡ ಆ ಏರಿಕೆಯನ್ನು ಬೇರೆ ರೀತಿಯಲ್ಲಿ ಓದಿದರು. ಮೆದುಳಿನಲ್ಲಿ ಸದಾ ಏರಿಳಿಯುವ ಸದ್ದಿನಂಥ ಚಟುವಟಿಕೆ ಇರುತ್ತದೆ; ಯಾವಾಗ ಮಡಚಬೇಕೆಂಬುದಕ್ಕೆ ಯಾವ ಕಾರಣವೂ ಇಲ್ಲದಿದ್ದಾಗ, ಆ ಏರಿಳಿತ ತಾನಾಗಿ ಒಂದು ಮಟ್ಟ ಮುಟ್ಟಿದಾಗ ಕೈ ಮಡಚಿಕೊಳ್ಳುತ್ತದೆ. ಚಲನೆಯ ಕ್ಷಣದಿಂದ ಹಿಂದಕ್ಕೆ ಸರಾಸರಿ ತೆಗೆಯುವುದರಿಂದ ಅದು ಮೊದಲೇ ಆದ ತೀರ್ಮಾನದಂತೆ ಕಾಣಿಸುತ್ತದೆ ಎಂಬುದು ಅವರ ವಾದ.

ನನಗೆ ಇದೆಲ್ಲಕ್ಕಿಂತ ಮುಖ್ಯವಾಗಿ ಕಾಣುವುದು ಬೇರೆ. ಮಣಿಕಟ್ಟನ್ನು ಈಗ ಮಡಚಿದರೂ ಆಮೇಲೆ ಮಡಚಿದರೂ ಯಾರ ಗದ್ದೆಯೂ ಒಣಗುವುದಿಲ್ಲ. ಕಾಲುವೆದಂಡೆಯವರು ಸಂಜೆಯಿಂದ ಯೋಚಿಸಿ, ಬ್ಯಾಟರಿ ಹುಡುಕಿ, ಕತ್ತಲಲ್ಲಿ ಬದುವಿನ ಮೇಲೆ ನಡೆದು ಹೋದವರು. ಅವರ ಕೃತ್ಯವನ್ನು ಸಿದ್ಧತೆಗೂ ಅರಿವಿಗೂ ನಡುವಿನ 350 ಮಿಲಿಸೆಕೆಂಡಿನೊಳಗೆ ಹುಡುಕುವುದು ತುಂಗಭದ್ರೆಯನ್ನು ಲೋಟದಲ್ಲಿ ಹುಡುಕಿದ ಹಾಗೆ. ಲಿಬೆಟ್ ಕೂಡ ಇಚ್ಛೆಗೆ ಒಂದು ಜಾಗ ಉಳಿಸಿದ್ದ: ಕ್ರಿಯೆಯನ್ನು ಆರಂಭಿಸುವ ಅಧಿಕಾರ ಅರಿವಿಗೆ ಇಲ್ಲದಿದ್ದರೂ ಕೊನೆಯ ಗಳಿಗೆಯಲ್ಲಿ ತಡೆಯುವ ಅಧಿಕಾರ ಇದೆ ಎಂದು. ಆ ತಡೆಗೂ ಮೆದುಳಿನಲ್ಲಿ ಪೂರ್ವಸಿದ್ಧತೆ ಇರಬಾರದೇಕೆ ಎಂದು ಟೀಕಾಕಾರರು ಕೇಳಿದ್ದಾರೆ, ನ್ಯಾಯವಾಗಿಯೇ ಕೇಳಿದ್ದಾರೆ. ಆದರೂ ಎರಡು ಎಳೆತಗಳ ನಡುವೆ ನಿಂತ ಆ ಅರ್ಧ ನಿಮಿಷವನ್ನು ಓದಿದಾಗ ನನಗೆ ನೆನಪಾದದ್ದು ಅದೇ.

ಕರಿಕೋಟು (ಕೊಪ್ಪಳ)

ಬಿಳಿಕೋಟಿನವರು ಬರೆದ ಮೇಲೆ ಕರಿಕೋಟಿನ ವಕೀಲನೂ ಬರೆಯಲೇಬೇಕು. ಕೊಪ್ಪಳ ಹಿಂದೆ ಕೊಪಣವೆಂಬ ಜೈನ ತೀರ್ಥ. ಆ ನೆಪದಲ್ಲಿ ಒಂದು ಜೈನ ಕತೆ. ಉವಾಸಗದಸಾಓ ಎಂಬ ಆಗಮದಲ್ಲಿ ಸದ್ದಾಲಪುತ್ತನೆಂಬ ಕುಂಬಾರ ಬರುತ್ತಾನೆ. ಅವನು ಗೋಸಾಲನ ಅನುಯಾಯಿ. ಅವನು ಮಡಕೆಗಳನ್ನು ಬಿಸಿಲಿಗೆ ಇಡುತ್ತಿದ್ದಾಗ ಮಹಾವೀರ ಬಂದು, ಇವು ಪ್ರಯತ್ನದಿಂದ ಆದವೋ ಪ್ರಯತ್ನವಿಲ್ಲದೆ ಆದವೋ ಎಂದು ಕೇಳಿದ. ಪ್ರಯತ್ನವೆಂಬುದಿಲ್ಲ, ಎಲ್ಲವೂ ನಿಯತ ಎಂದು ಕುಂಬಾರ ಹೇಳಿದ. ಹಾಗಾದರೆ ಯಾರಾದರೂ ನಿನ್ನ ಮಡಕೆಗಳನ್ನು ಕದ್ದರೆ, ಒಡೆದರೆ ಏನು ಮಾಡುವೆ ಎಂದಾಗ, ಬೈಯುತ್ತೇನೆ, ಹೊಡೆಯುತ್ತೇನೆ ಎಂದುಬಿಟ್ಟ. ಯಾರೂ ಯಾವುದನ್ನೂ ಮಾಡುವುದೇ ಇಲ್ಲವೆಂದ ಮೇಲೆ ಹೊಡೆಯುವುದು ಯಾರನ್ನು?

1962ರಲ್ಲಿ ಪೀಟರ್ ಸ್ಟ್ರಾಸನ್ ಎಂಬ ಬ್ರಿಟಿಷ್ ದಾರ್ಶನಿಕ ಇದೇ ಎಳೆಯನ್ನು ಇನ್ನೊಂದು ತುದಿಯಿಂದ ಹಿಡಿದ. ಸಿಟ್ಟು, ಕೃತಜ್ಞತೆ, ಕ್ಷಮೆ, ಇವು ನಾವು ಇನ್ನೊಬ್ಬರನ್ನು ಮನುಷ್ಯರೆಂದು ಕಾಣುವ ಬಗೆಗಳು. ಹುಚ್ಚನನ್ನೋ ಎಳೆಯ ಮಗುವನ್ನೋ ನಾವು ನಿಭಾಯಿಸುತ್ತೇವೆ, ಸಂಭಾಳಿಸುತ್ತೇವೆ; ಅವರ ಮೇಲೆ ಆ ಬಗೆಯ ಸಿಟ್ಟು ಮಾಡಿಕೊಳ್ಳುವುದಿಲ್ಲ. ನಿಯತಿವಾದದ ಒಂದು ಪ್ರಮೇಯ ಸಾಬೀತಾಯಿತೆಂದು ಎಲ್ಲರನ್ನೂ ಸದಾ ಹಾಗೆ ಕಾಣುವುದು ನಮ್ಮಿಂದ ಆಗುವ ಕೆಲಸವಲ್ಲ ಎಂದ. ಬೈದಿದ್ದರೆ ಇಷ್ಟು ನೋಯುತ್ತಿರಲಿಲ್ಲ ಎಂದು ಕಾಲುವೆದಂಡೆಯವರು ಬರೆದದ್ದು ಇದಕ್ಕೇ ಇರಬೇಕು. ಕಾಕಾ ನಿಮ್ಮನ್ನು ಮಳೆಯ ಸಾಲಿಗೆ, ಬರದ ಸಾಲಿಗೆ ಸೇರಿಸಿಬಿಟ್ಟರು.

ಕಾನೂನು ಕೂಡ, ಕೃತ್ಯಕ್ಕೆ ಕಾರಣವಿತ್ತೇ ಎಂದು ಕೇಳುವುದಿಲ್ಲ. ಎಂಥ ಕಾರಣ ಎಂದು ಕೇಳುತ್ತದೆ. ಬುದ್ಧಿಭ್ರಮಣೆಯಿಂದ ತಾನು ಮಾಡುತ್ತಿರುವುದು ಏನೆಂದೇ ತಿಳಿಯದವನಿಗೆ, ಏಳು ವರ್ಷ ತುಂಬದ ಮಗುವಿಗೆ ವಿನಾಯಿತಿ ಇದೆ. ಹಳೆಯ ದಂಡ ಸಂಹಿತೆ ಹೋಗಿ 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಬಂದ ಮೇಲೂ ಅವು ಉಳಿದಿವೆ. ಸಾಲ ಮತ್ತು ನಿದ್ದೆಗೇಡು ಆ ಪಟ್ಟಿಯಲ್ಲಿ ಇಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೆಯ ಗೇಟಿನ ಸರಪಳಿ ಕಡಿದು ಗೇಟು ಕೊಚ್ಚಿ ಹೋದಾಗ, ಉಕ್ಕಿಗೆ ಕಡಿಯಲು ಭೌತಿಕ ಕಾರಣ ಇತ್ತೆಂಬುದರಲ್ಲಿ ಯಾರಿಗೂ ಸಂಶಯವಿರಲಿಲ್ಲ. ಸರಪಳಿಯ ಮೇಲೆ ಯಾರೂ ಸಿಟ್ಟಾಗಲೂ ಇಲ್ಲ. ಜನ ಕೇಳಿದ್ದು, ಅದನ್ನು ನೋಡಿಕೊಳ್ಳಬೇಕಾದವರು ಯಾರು ಎಂದು.

ಗಂಜ್ ಕಟ್ಟೆ (ರಾಯಚೂರು)

ಸಿಟ್ಟು ಬಿಡಲಾಗದು ಎಂಬುದರಿಂದ ಸಿಟ್ಟು ಸರಿ ಎಂದಾಗುವುದಿಲ್ಲವಲ್ಲ, ವಕೀಲರೇ. ಕುಂಬಾರ ಹೊಡೆಯುತ್ತಾನೆ ಎಂಬುದು ಕುಂಬಾರನ ಬಗ್ಗೆ ಹೇಳುತ್ತದೆಯೇ ಹೊರತು ಜಗತ್ತಿನ ಬಗ್ಗೆ ಏನನ್ನೂ ಹೇಳುವುದಿಲ್ಲ.

ತಂಬೂರಿ (ಮಾನ್ವಿ)

ಹರಿದಾಸರಾದ ವಿಜಯದಾಸರ ಚೀಕಲಪರ್ವಿ, ಜಗನ್ನಾಥದಾಸರ ಬ್ಯಾಗವಾಟ, ಎರಡೂ ನಮ್ಮ ಸೀಮೆಯಲ್ಲಿವೆ. ಬೆಳಗಿನ ಜಾವದ ಭಜನೆಯಲ್ಲಿ ನಾವು ದಿನವೂ ಹರಿಯೇ ಸರ್ವಕರ್ತೃ ಎಂದು ಹಾಡುವವರು. ಅದನ್ನು ಕೇಳಿದವರು, ಹಾಗಾದರೆ ಪಾಪವೂ ಹರಿಯದೇ ತಾನೇ ಎಂದು ನಗುತ್ತಾರೆ. ಮಧ್ವಮತದಲ್ಲಿ ತತ್ತ್ವಗಳು ಎರಡು, ಸ್ವತಂತ್ರ ಮತ್ತು ಅಸ್ವತಂತ್ರ. ವಿಷ್ಣುವೊಬ್ಬನೇ ಸ್ವತಂತ್ರ, ಜೀವ ಅಸ್ವತಂತ್ರ. ಆದರೆ ಅಸ್ವತಂತ್ರ ಎಂದರೆ ಅಕರ್ತೃ ಎಂದಲ್ಲ. ಬ್ರಹ್ಮಸೂತ್ರದಲ್ಲಿ "ಕರ್ತಾ ಶಾಸ್ತ್ರಾರ್ಥವತ್ತ್ವಾತ್" ಎಂದಿದೆ: ಜೀವ ಕರ್ತೃ, ಏಕೆಂದರೆ ಅವನು ಕರ್ತೃವಲ್ಲದಿದ್ದರೆ ಮಾಡು, ಮಾಡಬೇಡ ಎನ್ನುವ ಶಾಸ್ತ್ರಕ್ಕೆ ಅರ್ಥವೇ ಇಲ್ಲ. ಕೆಲವೇ ಸೂತ್ರಗಳ ಮುಂದೆ "ಪರಾತ್ತು ತಚ್ಛ್ರುತೇಃ", ಆ ಕರ್ತೃತ್ವ ಪರಮಾತ್ಮನಿಂದ ಬಂದದ್ದು. ಮರುಸೂತ್ರದಲ್ಲಿಯೇ, ಪರಮಾತ್ಮ ಜೀವನ ಪ್ರಯತ್ನವನ್ನು ಅನುಸರಿಸಿಯೇ ಮಾಡಿಸುತ್ತಾನೆ ಎಂಬ ಮಾತು. ಮೂರನ್ನೂ ಒಟ್ಟಿಗೆ ಹಿಡಿಯುವುದು ಕಷ್ಟ, ಭಾಷ್ಯಕಾರರೇ ಇದಕ್ಕಾಗಿ ಪುಟಗಟ್ಟಲೆ ಬರೆದಿದ್ದಾರೆ. ಗೀತೆಯ ಹದಿನೆಂಟನೆಯ ಅಧ್ಯಾಯ ಕರ್ಮಕ್ಕೆ ಐದು ಕಾರಣಗಳನ್ನು ಎಣಿಸುತ್ತದೆ: ಅಧಿಷ್ಠಾನ (ದೇಹ), ಕರ್ತೃ, ಕರಣ (ಇಂದ್ರಿಯಗಳು), ಚೇಷ್ಟೆ (ಚಟುವಟಿಕೆ), ಐದನೆಯದು ದೈವ. ದೈವ ಆ ಪಟ್ಟಿಯ ಕೊನೆಗೆ ಇದೆ, ಒಂಟಿಯಾಗಿಲ್ಲ.

ಕೊನೆಭಾಗ (ರಾಯಚೂರು ತಾಲ್ಲೂಕು)

ನಾನು ಕಾಲುವೆಯ ಕೊನೆಭಾಗದ ರೈತ. ಇಷ್ಟೂ ಬರಹಗಳನ್ನು ಓದಿದೆ, ಗೌರವವಿದೆ. ಆದರೆ ಕಾಕಾನ ಮಾತನ್ನು ಯಾರೂ ಕೇಳಿಸಿಕೊಂಡಿಲ್ಲವೆಂದು ತೋರುತ್ತದೆ.

ಮೇಲಿನ ಗದ್ದೆಯವನ ಕೂಡ ಜಗಳ ಮಾಡಿ ಕೆಳಗಿನವನು ಬಾಳಲಾರ. ಇಂದು ಬೈದರೆ ಮುಂದಿನ ಸರತಿಯಲ್ಲಿ ಚೀಲ ಸಡಿಲವಾಗಿಯೇ ಇರುತ್ತದೆ, ನಾಳೆ ಟ್ರ್ಯಾಕ್ಟರಿಗೆ ದಾರಿ ಇರುವುದಿಲ್ಲ. ಆಗ ನಮ್ಮ ಬಾಯಿಗೆ ಬರುವ ಮಾತು ಹಣೆಬರಹ. ಅದು ಗೋಸಾಲನ ಸಿದ್ಧಾಂತವಲ್ಲ, ಯಾರನ್ನೂ ಎದುರು ಹಾಕಿಕೊಳ್ಳದೆ ನನಗೆ ಅನ್ಯಾಯವಾಗಿದೆ ಎಂದು ಹೇಳುವ ಒಂದೇ ದಾರಿ. ನಾನೂ ಎಷ್ಟೋ ಸಲ ಹಾಗೆ ಅಂದಿದ್ದೇನೆ, ಹಲ್ಲು ಕಚ್ಚಿಕೊಂಡೇ ಅಂದಿದ್ದೇನೆ. ಮೇಲ್ಭಾಗದವರ ಬಾಯಲ್ಲಿ ಈ ಪದ ಅಪರೂಪ, ಗಮನಿಸಿ ನೋಡಿ; ಅವರು ಫಸಲು ಚೆನ್ನಾಗಿ ಬಂದಾಗ ನಮ್ಮ ಕಷ್ಟದ ಫಲ ಎನ್ನುತ್ತಾರೆ.

ನಿಮ್ಮ ಕೈಯನ್ನು ಕಾರಣಗಳು ಎಳೆಸಿದವೇ ಎಂದು ನೀವು ಇಷ್ಟು ದಿನ ಯೋಚಿಸಿದ್ದೀರಿ. ಕಾಕಾನ ನಾಲಿಗೆಯನ್ನು ಹಿಡಿದದ್ದು ಯಾವುದು ಎಂದು ಒಮ್ಮೆಯಾದರೂ ಯೋಚಿಸಿದಿರಾ? ವೈದ್ಯಕೀಯದ ತಂಗಿ ಬರೆದ ಆ ತಡೆಯುವ ಅಧಿಕಾರವನ್ನು ಅಂದು ಚಲಾಯಿಸಿದವರು ಅವರು. ಅವರು ನಿಮ್ಮನ್ನು ಮಳೆಯ ಸಾಲಿಗೆ ಸೇರಿಸಿದರೆಂದು ವಕೀಲರು ಬರೆದರು. ನನಗೆ ತೋರುವುದು, ನೀವೇ ಅವರನ್ನು ಆ ಸಾಲಿನಲ್ಲಿ ನಿಲ್ಲಿಸಿದ್ದೀರಿ.

ಕಾಲುವೆದಂಡೆ (ಸಿಂಧನೂರು ತಾಲ್ಲೂಕು)

ಕೊನೆಭಾಗದ ಅಣ್ಣನ ಬರಹವನ್ನು ಓದಿ ನಾಲ್ಕು ದಿನ ಉತ್ತರ ಬರೆಯಲಾಗಲಿಲ್ಲ. ನಿನ್ನೆ ಸಂಜೆ ಕಾಕಾನ ಹತ್ತಿರ ಹೋಗಿ, ಇಂದು ರಾತ್ರಿ ನನ್ನ ಸರತಿ, ಆ ನೀರನ್ನು ನೀವು ಕಟ್ಟಿಕೊಳ್ಳಿ ಎಂದೆ. ಅವರು ತುಸು ಹೊತ್ತು ಬದುವಿನ ಹುಲ್ಲನ್ನು ಕೀಳುತ್ತಾ ಕುಳಿತರು. ಆಮೇಲೆ ತಲೆ ಎತ್ತಿ, "ಅವತ್ತ್ ರಾತ್ರಿ ಯಾಕ್ ತೆಗದಿ?" ಎಂದು ಕೇಳಿದರು. ಧ್ವನಿ ಬೇರೆಯೇ ಇತ್ತು.

ನಾನು ಸಾಲದ ಮಾತು ಹೇಳಿದೆ, ಬೆಳೆ ಬತ್ತುತ್ತಿದ್ದುದನ್ನು ಹೇಳಿದೆ, ನಿದ್ದೆ ಇಲ್ಲದ್ದನ್ನು ಹೇಳಿದೆ. "ಅದನ್ನೆಲ್ಲಾ ಕೇಳಿಲ್ಲ ನಾ. ನನ್ನ ಗದ್ದಿ ನೆನಪ ಬಂತಿಲ್ಲ ನಿನಗ?" ಎಂದರು. ಬಂತು ಎಂದೆ. ಮೊದಲ ಎಳೆತಕ್ಕೆ ಚೀಲ ಬಾರದೆ ನಿಂತಾಗ ನಿಮ್ಮ ಮುಖವೇ ನೆನಪಾಯಿತು ಎಂದೆ. ಆಗ ಬೈದರು. ಬರೆಯಲಾಗದ ಮಾತುಗಳಲ್ಲಿ, ನಮ್ಮಪ್ಪನ ಹೆಸರನ್ನೂ ಸೇರಿಸಿ ಬೈದರು.

ಗಂಜ್ ಕಟ್ಟೆಯವರಿಗೆ ನನ್ನ ಬಳಿ ಉತ್ತರವಿಲ್ಲ. ಲಾಪ್ಲಾಸನ ಬುದ್ಧಿಗೆ ನಮ್ಮಿಬ್ಬರ ಮಾತುಕತೆ ಮೊದಲೇ ಗೊತ್ತಿದ್ದಿರಬಹುದು. ಆದರೆ ನಾನು ಹೇಳಿದ ಕಾರಣಗಳೆಲ್ಲವೂ ನಿಜವಾಗಿದ್ದವು, ಅವು ಕಾಕಾ ಕೇಳಿದ ಪ್ರಶ್ನೆಗೆ ಉತ್ತರವಾಗಿರಲಿಲ್ಲ. ಈ ವ್ಯತ್ಯಾಸ ಬಿ.ಎ.ಯಲ್ಲಿ ನನಗೆ ತಿಳಿದಿರಲಿಲ್ಲ.

ಗಂಜ್ ಕಟ್ಟೆ (ರಾಯಚೂರು)

ಕಾಕಾ ಬೈದದ್ದೂ ನಿಯತವೇ, ನೀವು ಬೈಸಿಕೊಂಡದ್ದೂ ನಿಯತವೇ ಎಂದು ನಾನು ಈಗಲೂ ಹೇಳುತ್ತೇನೆ.

ಕೊನೆಭಾಗ (ರಾಯಚೂರು ತಾಲ್ಲೂಕು)

ಇರಲಿ, ಇರಬಹುದು. ರಾತ್ರಿ ನೀರು ಹರಿಯಿತೇ?

ಕಾಲುವೆದಂಡೆ (ಸಿಂಧನೂರು ತಾಲ್ಲೂಕು)

ಹರಿಯಿತು ಅಣ್ಣಾ. ಮೂರು ಗಂಟೆಯವರೆಗೆ ಇಬ್ಬರೂ ತೂಬಿನ ಹತ್ತಿರವೇ ಇದ್ದೆವು. ಕೊನೆಯ ಎರಡು ಮಡಿಗಳಿಗೆ ಮಾತ್ರ ಇನ್ನೂ ಮುಟ್ಟಿಲ್ಲ.